ನಿಮಗಿದು ಗೊತ್ತೇ? ‘ವಾಟ್ಸಾಪೂ ಇದೇನಾ, ಬೇರೇನಾ?’

ಕೋಲಾರ ಜಿಲ್ಲೆಯ ಗೌನಿಪಲ್ಲಿಯಲ್ಲಿ ಯಾರಿಗಾದರೂ ಫೋನ್ ನಂಬರ್ ಕೊಟ್ಟು ನೋಡಿ. ಬರೆದುಕೊಂಡವರು ತಲೆ ಎತ್ತುವ ಮುಂಚೆಯೇ ಕೇಳುತ್ತಾರೆ: ‘ಅಣ್ಣಾ, ವಾಟ್ಸಾಪೂ ಇದೇನಾ, ಬೇರೇನಾ?’ ಟೊಮೆಟೊ ಮಂಡಿಯವರು ಕೇಳುತ್ತಾರೆ, ಶಾಲೆಯ ಮೇಷ್ಟ್ರು ಕೇಳುತ್ತಾರೆ, ಕೊಲ್ಲಿ ದೇಶದಲ್ಲಿರುವ ಭಾವಮೈದ ಕೇಳುತ್ತಾನೆ. ಉತ್ತರ ಕೊಡುವ ಮುಂಚೆ ಯೋಚಿಸುವವರು ಕಮ್ಮಿ. ಇಂಟರ್‌ನೆಟ್ ಕರೆಯ ಆ್ಯಪ್‌ಗೆ ಮೊಬೈಲ್ ನಂಬರ್ ಜೋಡಿಸಬೇಕೆ, ಜೋಡಿಸುವುದಾದರೆ ಯಾವುದನ್ನು, ಆಮೇಲೆ ಏನೇನಾಗುತ್ತದೆ? ಈ ಸಲದ ಅಂಕಣ ಪೂರ್ತಿ ಅದಕ್ಕೇ.

ಮೊದಲನೆಯದಾಗಿ, ನಿಮ್ಮ ನಂಬರ್ ನಿಮ್ಮದಲ್ಲ. ಅದು ಸರ್ಕಾರದ್ದು. ದೂರಸಂಪರ್ಕ ಇಲಾಖೆ ಅದನ್ನು ಕಂಪನಿಗೆ ಹಂಚುತ್ತದೆ, ಕಂಪನಿ ನಿಮಗೆ ಬಳಸಲು ಕೊಡುತ್ತದೆ. ಭೋಗ್ಯಕ್ಕೆ ಹಾಕಿಕೊಂಡ ಮನೆಯ ಹಾಗೆ, ಕರಾರು ಮುಗಿದರೆ ಬಿಟ್ಟು ಕೊಡಬೇಕು. ಆ್ಯಪ್‌ನವರು ಮಾತ್ರ ಆ ನಂಬರನ್ನೇ ನೀವು ಎಂದು ನಂಬಿಬಿಡುತ್ತಾರೆ. ತಾಪತ್ರಯವೆಲ್ಲ ಹುಟ್ಟುವುದು ಇಲ್ಲೇ.

ಕರೆನ್ಸಿ ಹಾಕಿಸದೆ ಬಿಟ್ಟ ಪ್ರೀಪೇಯ್ಡ್ ಸಿಮ್ ಎಷ್ಟು ದಿನ ಬದುಕುತ್ತದೆ? ದೂರಸಂಪರ್ಕ ನಿಯಂತ್ರಣ ಪ್ರಾಧಿಕಾರ ಟ್ರಾಯ್ 2013ರಲ್ಲಿ ಮಾಡಿದ ನಿಯಮದ ಪ್ರಕಾರ, ಬಳಕೆ ಇಲ್ಲದೆ 90 ದಿನ ಆಗುವವರೆಗೆ ಕಂಪನಿ ಅದನ್ನು ಕಡಿಯುವಂತಿಲ್ಲ. ಆಮೇಲೂ ಖಾತೆಯಲ್ಲಿ 20 ರೂಪಾಯಿ ಇದ್ದರೆ ಅದನ್ನು ಮುರಿದುಕೊಂಡು ಇನ್ನೂ 30 ದಿನ ಉಳಿಸಬೇಕು. ಅದೂ ಇಲ್ಲವೆಂದರೆ ನಂಬರ್ ಹೋಯಿತು.

ಹೋದ ನಂಬರ್ ಎಲ್ಲಿಗೆ ಹೋಗುತ್ತದೆ? ಕಡಿದ ಮೇಲೆ 90 ದಿನ ಯಾರಿಗೂ ಕೊಡದೆ ಇಟ್ಟುಕೊಂಡು, ನಂತರ ಹೊಸ ಗಿರಾಕಿಗೆ ಕೊಡುತ್ತಾರೆ. ಇದು ಸುಪ್ರೀಂ ಕೋರ್ಟಿನ ತನಕ ಹೋದ ಸಂಗತಿ. 2023ರ ನವೆಂಬರ್‌ನಲ್ಲಿ ನ್ಯಾಯಾಲಯ ಅರ್ಜಿಯನ್ನು ಮುಗಿಸುತ್ತಾ, ಹಳೆಯ ನಂಬರಿಗೆ ಅಂಟಿಕೊಂಡ ವಾಟ್ಸಾಪ್ ಖಾತೆಯನ್ನು ಅಳಿಸಿಕೊಳ್ಳುವುದು ಗ್ರಾಹಕರ ಹೊಣೆ ಎಂಬ ಅರ್ಥದಲ್ಲಿ ಹೇಳಿತು. ಅಂದರೆ ಸಿಮ್ ಬಿಡುವ ಮುಂಚೆ ಆ್ಯಪ್ ಬಿಡಬೇಕು. ನಮ್ಮಲ್ಲಿ ನಡೆಯುವುದು ಉಲ್ಟಾ.

ವಾಟ್ಸಾಪ್ ತಾನೂ ಕೆಲವು ಗಡುವು ಇಟ್ಟುಕೊಂಡಿದೆ. 120 ದಿನ ಬಳಸದ ಖಾತೆಯನ್ನು ಸಾಮಾನ್ಯವಾಗಿ ಅಳಿಸುತ್ತದೆ. 45 ದಿನ ಸುಮ್ಮನಿದ್ದ ನಂಬರ್ ಬೇರೊಂದು ಫೋನಿನಲ್ಲಿ ಹೊಸದಾಗಿ ಶುರುವಾದರೆ, ಕೈ ಬದಲಾಗಿದೆ ಎಂದುಕೊಂಡು ಹಳೆಯ ಫೋಟೊ, ಹಳೆಯ ವಿವರ ತೆಗೆದುಹಾಕುತ್ತದೆ. ಹಳೆಯ ಮೆಸೇಜುಗಳು ಹೊಸಬರಿಗೆ ಸಿಗುವುದಿಲ್ಲ, ಅವು ಇರುವುದು ನಿಮ್ಮ ಫೋನಿನಲ್ಲಿ. ಆದರೆ ನಿಮ್ಮ ಚಿಕ್ಕಮ್ಮನ ಫೋನಿನಲ್ಲಿ ಆ ನಂಬರ್ ಇನ್ನೂ ನಿಮ್ಮ ಹೆಸರಲ್ಲೇ ಇದೆಯಲ್ಲ? ಅವರು ‘ದುಡ್ಡು ಬಂತೇನಪ್ಪಾ?’ ಅಂತ ಕಳಿಸುವ ಮೆಸೇಜ್ ಹೋಗಿ ಬೀಳುವುದು ಮೂರನೆಯವರ ಕೈಗೆ.

ಬ್ಯಾಂಕಿನವರು ಈ ವಿಷಯದಲ್ಲಿ ಎಚ್ಚೆತ್ತಿದ್ದಾರೆ. ಕೈ ಬದಲಾದ ನಂಬರ್‌ಗಳ ಪಟ್ಟಿಯನ್ನು ವಾರಕ್ಕೊಮ್ಮೆಯಾದರೂ ನೋಡಿ, ತಮ್ಮ ದಾಖಲೆ ಸರಿ ಮಾಡಿಕೊಳ್ಳಬೇಕೆಂದು ಯುಪಿಐ ನಡೆಸುವ ರಾಷ್ಟ್ರೀಯ ಪಾವತಿ ನಿಗಮ ಬ್ಯಾಂಕುಗಳಿಗೂ ಪಾವತಿ ಆ್ಯಪ್‌ಗಳಿಗೂ ಹೇಳಿತು. ಅದಕ್ಕೆ ಕೊಟ್ಟ ಗಡುವು 2025ರ ಮಾರ್ಚ್ 31.

ಈಗ ಸ್ವಲ್ಪ ಹಿಂದಕ್ಕೆ. ಭಾರತದ ಮೊದಲ ಮೊಬೈಲ್ ಕರೆ 1995ರ ಜುಲೈ 31ರಂದು ಕಲ್ಕತ್ತಾದಿಂದ ದೆಹಲಿಗೆ. ಮಾಡಿದವರು ಪಶ್ಚಿಮ ಬಂಗಾಳದ ಮುಖ್ಯಮಂತ್ರಿ ಜ್ಯೋತಿ ಬಸು, ಎತ್ತಿದವರು ಕೇಂದ್ರ ಮಂತ್ರಿ ಸುಖರಾಮ್. ಆಗ ಬಂದ ಕರೆಗೂ ದುಡ್ಡು ಕೊಡಬೇಕಿತ್ತು. ಇಂದಿನ ಹುಡುಗರಿಗೆ ಇದನ್ನು ಹೇಳಿದರೆ ನಂಬುವುದಿಲ್ಲ.

ಇಂಟರ್‌ನೆಟ್ ಮೂಲಕ ಫೋನ್ ಮಾಡುವುದು ನಮ್ಮ ದೇಶದಲ್ಲಿ ಒಂದು ಕಾಲಕ್ಕೆ ನಿಷಿದ್ಧವಾಗಿತ್ತು. ಬಾಗಿಲು ಅರ್ಧ ತೆರೆದದ್ದು 2002ರ ಏಪ್ರಿಲ್ 1ರಂದು. ಕಂಪ್ಯೂಟರಿಂದ ಕಂಪ್ಯೂಟರಿಗೆ ಮಾತಾಡಬಹುದಿತ್ತು, ಕಂಪ್ಯೂಟರಿಂದ ವಿದೇಶದ ಫೋನಿಗೂ ಮಾಡಬಹುದಿತ್ತು. ಆದರೆ ಶ್ರೀನಿವಾಸಪುರದ ಕಂಪ್ಯೂಟರಿಂದ ಮುಳಬಾಗಿಲಿನ ಫೋನಿಗೆ ಮಾಡುವಂತಿರಲಿಲ್ಲ! ಅಮೆರಿಕ ಹತ್ತಿರ, ಮುಳಬಾಗಿಲು ದೂರ.

ಈ ನಿಯಮದ ಬಿಸಿ ತಟ್ಟಿದ್ದು ಸ್ಕೈಪ್‌ಗೆ. 2003ರಲ್ಲಿ ಹುಟ್ಟಿ, 2011ರಲ್ಲಿ 850 ಕೋಟಿ ಡಾಲರ್‌ಗೆ ಮೈಕ್ರೋಸಾಫ್ಟ್ ಪಾಲಾದ ಈ ಸೇವೆ, ಭಾರತದೊಳಗಿಂದ ಭಾರತದ ಮೊಬೈಲ್ ಮತ್ತು ಸ್ಥಿರ ದೂರವಾಣಿಗಳಿಗೆ ಕರೆ ಮಾಡುವ ಸೌಲಭ್ಯವನ್ನು 2014ರ ನವೆಂಬರ್ 10ರಿಂದ ನಿಲ್ಲಿಸಿತು.

ಸ್ಕೈಪ್‌ಗೆ ಮೊಬೈಲ್ ನಂಬರ್ ಜೋಡಿಸುವ ಅನುಕೂಲವಿತ್ತು. ಜೋಡಿಸಿದರೆ ನೀವು ಸ್ಕೈಪ್‌ನಿಂದ ಫೋನಿಗೆ ಮಾಡಿದ ಕರೆಯಲ್ಲೂ ಆಚೆಯವರಿಗೆ ನಿಮ್ಮ ಮೊಬೈಲ್ ನಂಬರೇ ಕಾಣುತ್ತಿತ್ತು. ಜೋಡಿಸದಿದ್ದರೆ ಯಾವುದೋ ಅಪರಿಚಿತ ನಂಬರ್, ಇಲ್ಲವೇ ಏನೂ ಇಲ್ಲ. ಪರದೇಶದಲ್ಲಿರುವ ಮಗ ಮಾಡಿದ ಕರೆಯನ್ನು ಊರಿನ ಅಪ್ಪ ‘ಯಾರೋ ಏನೋ’ ಅಂತ ಕತ್ತರಿಸದಿರಲಿ ಎಂಬುದೇ ಅನೇಕರು ನಂಬರ್ ಜೋಡಿಸಲು ಕಾರಣ. ಆ ಸ್ಕೈಪ್ 2025ರ ಮೇ 5ರಂದು ಕಣ್ಣು ಮುಚ್ಚಿತು. ಆದರೆ ಅದರ ಒಂದು ಅಂಗ ಇನ್ನೂ ಜೀವಂತ. ಕಡಿಮೆ ನೆಟ್‌ನಲ್ಲೂ ದನಿ ಸ್ಪಷ್ಟವಾಗಿರಲು ಸ್ಕೈಪ್‌ನವರು ಮಾಡಿದ ‘ಸಿಲ್ಕ್’ ಎಂಬ ತಂತ್ರ, 2012ರಲ್ಲಿ ಮಾನಕವಾದ ‘ಓಪಸ್’ನೊಳಗೆ ಸೇರಿಹೋಗಿದೆ. ಇಂದಿನ ಎಷ್ಟೋ ಇಂಟರ್‌ನೆಟ್ ಕರೆಗಳು ಓಪಸ್ ಮೇಲೆ ಓಡುತ್ತವೆ.

2018ರ ಜೂನ್‌ನಲ್ಲಿ ಸರ್ಕಾರ ಇಂಟರ್‌ನೆಟ್ ಕರೆಯ ನಿಯಮ ಸಡಿಲಿಸಿತು. ಮರುತಿಂಗಳೇ ಬಿಎಸ್‌ಎನ್‌ಎಲ್ ‘ವಿಂಗ್ಸ್’ ಎಂಬ ಸೇವೆ ಪ್ರಕಟಿಸಿತು. ಸಿಮ್ಮೇ ಇಲ್ಲದೆ, ಆ್ಯಪ್ ಮೂಲಕ, 10 ಅಂಕಿಯ ನಂಬರ್, ವರ್ಷಕ್ಕೆ 1,099 ರೂಪಾಯಿ. ಅಷ್ಟು ಹೊತ್ತಿಗೆ ಜನ ಪುಕ್ಕಟೆ ವಾಟ್ಸಾಪ್ ಕರೆಗೆ ಒಗ್ಗಿಹೋಗಿದ್ದರು. ಸರ್ಕಾರಿ ಬಸ್ಸು ಬರುವಷ್ಟರಲ್ಲಿ ಸಂತೆಯೇ ಮುಗಿದಿತ್ತು.

ವಾಟ್ಸಾಪ್ 2009ರದು. ಕರೆ ಮಾಡುವ ಸೌಲಭ್ಯ ಬಂದದ್ದು 2015ರಲ್ಲಿ, ವಿಡಿಯೊ ಕರೆ 2016ರಲ್ಲಿ. ಸ್ಕೈಪ್‌ಗೆ ಹೆಸರು, ಪಾಸ್‌ವರ್ಡ್ ನೆನಪಿಡಬೇಕಿತ್ತು. ವಾಟ್ಸಾಪ್ ಅದನ್ನೆಲ್ಲ ಬಿಟ್ಟು ಫೋನ್ ನಂಬರನ್ನೇ ಹೆಸರು ಮಾಡಿತು. ಓದು ಬರಹ ಅಷ್ಟಾಗಿ ಬಾರದ ಅಜ್ಜಿಯೂ ವಿಡಿಯೊ ಕರೆ ಮಾಡುವುದು ಈ ಒಂದು ತೀರ್ಮಾನದಿಂದ. ಅದೇ ಅಜ್ಜಿಯ ಖಾತೆ ಒಂದು ಆರಂಕಿಯ ಕೋಡಿನಿಂದ ಕಳುವಾಗುವುದೂ ಇದೇ ತೀರ್ಮಾನದಿಂದ.

ಹೇಗೆ ಕಳುವಾಗುತ್ತದೆ ಎಂಬುದಕ್ಕೆ ದೂರದ ಉದಾಹರಣೆ ಬೇಡ. 2025ರ ಸೆಪ್ಟೆಂಬರ್‌ನಲ್ಲಿ ನಟ ಉಪೇಂದ್ರ ಮತ್ತು ಪ್ರಿಯಾಂಕಾ ಉಪೇಂದ್ರ ಅವರಿಗೇ ಆಯಿತು. ಪ್ರಿಯಾಂಕಾ ಆನ್‌ಲೈನ್‌ನಲ್ಲಿ ಏನನ್ನೋ ತರಿಸಿಕೊಳ್ಳುತ್ತಿದ್ದರು. ಡೆಲಿವರಿಯವನ ಹೆಸರಿನಲ್ಲಿ ಕರೆ ಬಂತು. ನಕ್ಷತ್ರ, ಹ್ಯಾಶ್, ನಡುವೆ ಅಂಕಿಗಳಿರುವ ಒಂದು ಕೋಡ್ ಒತ್ತಿ ಎಂದ. ಒತ್ತಿದರು. ಸ್ವಲ್ಪ ಹೊತ್ತಿಗೆ ವಾಟ್ಸಾಪ್ ಕೈತಪ್ಪಿತ್ತು. ಪರಿಚಯದವರಿಗೆಲ್ಲ ‘ಅರ್ಜೆಂಟಾಗಿ 55,000 ರೂಪಾಯಿ ಬೇಕು’ ಎಂಬ ಮೆಸೇಜ್ ಹೋಗಿತ್ತು. ದಂಪತಿ ವಿಡಿಯೊ ಮಾಡಿ, ಯಾರೂ ದುಡ್ಡು ಹಾಕಬೇಡಿ ಎಂದು ಕೈಮುಗಿದು ಕೇಳಿಕೊಳ್ಳಬೇಕಾಯಿತು, ಪೊಲೀಸರಿಗೂ ದೂರು ಕೊಟ್ಟರು. ಸಿನಿಮಾದವರಾದ್ದರಿಂದ ಮಾತು ಊರೆಲ್ಲ ಹರಡಿತು. ನಮ್ಮ ನಿಮ್ಮಂಥವರಿಗೆ ಆದರೆ ಬೀದಿ ಕೊನೆಗೂ ಗೊತ್ತಾಗುವುದಿಲ್ಲ.

ಆ ನಕ್ಷತ್ರ–ಹ್ಯಾಶ್ ಕೋಡ್ ಮಾಡುವ ಕೆಲಸ ಏನು? ಕೋಡುಗಳಲ್ಲಿ ಹಲವು ಬಗೆ. ಹೆಚ್ಚು ಕುಖ್ಯಾತವಾದದ್ದು *401*, ಅದರ ಮುಂದೆ ಕಳ್ಳನ ನಂಬರ್. ಅದನ್ನು ಒತ್ತಿದ ಕ್ಷಣದಿಂದ ನಿಮಗೆ ಬರುವ ಕರೆಗಳು ಅವನ ಫೋನಿಗೆ ತಿರುಗುತ್ತವೆ. ಅವನು ತನ್ನ ಫೋನಿನಲ್ಲಿ ವಾಟ್ಸಾಪ್ ಹಾಕಿ ನಿಮ್ಮ ನಂಬರ್ ಕೊಡುತ್ತಾನೆ. ಖಾತೆ ತೆರೆಯುವ ಆರಂಕಿಯ ಕೋಡನ್ನು ಎಸ್‌ಎಂಎಸ್ ಬದಲು ಕರೆ ಮಾಡಿ ಹೇಳಿ ಎನ್ನುತ್ತಾನೆ. ಕರೆ ಹೋಗುವುದು ಅವನಿಗೇ. ನಿಮ್ಮ ಫೋನ್ ಜೇಬಿನಲ್ಲೇ ಇರುತ್ತದೆ, ಸಿಮ್ ಫೋನಿನಲ್ಲೇ ಇರುತ್ತದೆ, ಯಾರಿಗೂ ಓಟಿಪಿ ಹೇಳಿರುವುದಿಲ್ಲ, ಆದರೂ ಖಾತೆ ಹೋಗಿರುತ್ತದೆ.

ಈ ಹಾವಳಿ ತಾಳಲಾರದೆ ದೂರಸಂಪರ್ಕ ಇಲಾಖೆ, ಕೋಡ್ ಒತ್ತಿ ಕರೆ ತಿರುಗಿಸುವ ಸೌಲಭ್ಯವನ್ನೇ 2024ರ ಏಪ್ರಿಲ್ 15ರಿಂದ ನಿಲ್ಲಿಸುವಂತೆ ಕಂಪನಿಗಳಿಗೆ ಆದೇಶಿಸಿತು. ಹಾಗಂತ ನಿಶ್ಚಿಂತೆಯಿಂದ ಇರಬೇಡಿ. *#21# ಒತ್ತಿದರೆ ನಿಮ್ಮ ಕರೆ ಎಲ್ಲಿಗಾದರೂ ತಿರುಗಿದೆಯೇ ತಿಳಿಯುತ್ತದೆ. ##002# ಒತ್ತಿದರೆ ತಿರುವುಗಳೆಲ್ಲ ರದ್ದು. ಇದು ಗೊತ್ತಿರುವ ಒಬ್ಬ ಹುಡುಗ ಪ್ರತಿ ಮನೆಯಲ್ಲೂ ಇರಬೇಕು.

ಖಾತೆ ಹೋದರೆ ತಕ್ಷಣ ಮಾಡಬೇಕಾದ್ದು ಏನು ಗೊತ್ತೇ? ಅಳುವುದಲ್ಲ, ನಿಮ್ಮದೇ ಫೋನಿನಲ್ಲಿ ಮತ್ತೆ ವಾಟ್ಸಾಪ್ ತೆರೆದು ನಿಮ್ಮ ನಂಬರ್ ಕೊಟ್ಟು, ಎಸ್‌ಎಂಎಸ್‌ನಲ್ಲಿ ಬರುವ ಆರಂಕಿ ಹಾಕುವುದು. ಹಾಕಿದ ಕೂಡಲೇ ಕಳ್ಳ ಹೊರಬೀಳುತ್ತಾನೆ. ಅವನು ಹೋಗುವ ಮುಂಚೆ ಎರಡನೇ ಹಂತದ ಪಿನ್ ಇಟ್ಟುಬಿಟ್ಟಿದ್ದರೆ ನೀವು ಒಳಹೋಗಲು 7 ದಿನ ಕಾಯಬೇಕು. ಆದರೆ ಆ 7 ದಿನವೂ ಅವನು ಹೊರಗೇ ಇರುತ್ತಾನೆ. ಇದೇ ಪಿನ್ನನ್ನು ನೀವು ಮೊದಲೇ ಇಟ್ಟಿದ್ದರೆ ಈ ಪಡಿಪಾಟಲೇ ಇಲ್ಲ. ಸೆಟ್ಟಿಂಗ್ಸ್, ಅಕೌಂಟ್, ಟು-ಸ್ಟೆಪ್ ವೆರಿಫಿಕೇಶನ್. 2017ರಿಂದಲೂ ಇರುವ ಸೌಲಭ್ಯ. ಪಿನ್ ಮಾತ್ರ ನಿಮ್ಮ ಹುಟ್ಟಿದ ವರ್ಷದ ಸುತ್ತ ಇಡಬೇಡಿ.

‘ನನ್ನ ನಂಬರ್ ಯಾರಿಗೂ ಕೊಟ್ಟಿಲ್ಲ, ನನ್ನ ವಾಟ್ಸಾಪ್ ಯಾರಿಗೆ ಗೊತ್ತು’ ಅನ್ನುವವರಿಗೊಂದು ಸುದ್ದಿ. 2025ರ ನವೆಂಬರ್‌ನಲ್ಲಿ ವಿಯೆನ್ನಾ ವಿಶ್ವವಿದ್ಯಾಲಯದ ಸಂಶೋಧಕರು ತಾವು ಮಾಡಿದ್ದನ್ನು ಪ್ರಕಟಿಸಿದರು. ಸಾಧ್ಯವಿರುವ ನಂಬರ್‌ಗಳನ್ನೆಲ್ಲ ಕಂಪ್ಯೂಟರಿನಿಂದ ಸಾಲಾಗಿ ಹಾಕಿ, ಇದರಲ್ಲಿ ವಾಟ್ಸಾಪ್ ಇದೆಯೇ ಎಂದು ಕೇಳುತ್ತಾ ಹೋದರು. ಸುಮಾರು 350 ಕೋಟಿ ಖಾತೆ ಸಿಕ್ಕವು. ಅರ್ಧಕ್ಕಿಂತ ಹೆಚ್ಚು ಖಾತೆಗಳ ಫೋಟೊ ಯಾರು ಬೇಕಾದರೂ ನೋಡುವಂತಿತ್ತು. ಎಲ್ಲಕ್ಕಿಂತ ಹೆಚ್ಚು ಖಾತೆ ಇದ್ದ ದೇಶ ಭಾರತ. ಕಂಪನಿ ಆಮೇಲೆ ಆ ಕಿಂಡಿ ಮುಚ್ಚಿತು. ಫೋಟೊ ಯಾರಿಗೆ ಕಾಣಬೇಕು ಎಂಬ ಸೆಟ್ಟಿಂಗ್ ಮುಚ್ಚುವುದು ನಿಮ್ಮ ಕೈಯಲ್ಲಿದೆ.

ವಾಟ್ಸಾಪ್ ಗುಂಪಿಗೆ ಸೇರಿದರೆ ಅಲ್ಲಿರುವ ಎಲ್ಲರಿಗೂ ನಿಮ್ಮ ನಂಬರ್ ಕಾಣುತ್ತದೆ. ಅಂಗನವಾಡಿ ಕಾರ್ಯಕರ್ತೆ, ಆಶಾ ಕಾರ್ಯಕರ್ತೆ, ಸ್ತ್ರೀಶಕ್ತಿ ಸಂಘದವರು ಕೆಲಸಕ್ಕಾಗಿ ಎಷ್ಟು ಗುಂಪುಗಳಲ್ಲಿರುತ್ತಾರೆ ಅವರಿಗೇ ಗೊತ್ತಿಲ್ಲ. ರಾತ್ರಿ ಹನ್ನೊಂದಕ್ಕೆ ಯಾವನೋ ‘ಹಾಯ್’ ಅನ್ನುವುದು ಹೀಗೆ. ಅಪರಿಚಿತರ ಕರೆ ಸದ್ದು ಮಾಡದಂತೆ ಇಡುವ ಸೆಟ್ಟಿಂಗ್ 2023ರಲ್ಲಿ ಬಂದಿದೆ, ಹಾಕಿಕೊಳ್ಳಿ. ಸಿಗ್ನಲ್ ಆ್ಯಪ್ 2024ರ ಫೆಬ್ರವರಿಯಿಂದ ನಂಬರ್ ತೋರಿಸದೆ ಬರೀ ಬಳಕೆದಾರ ಹೆಸರಿನಿಂದ ಮಾತಾಡುವ ದಾರಿ ಮಾಡಿತು. ಆದರೂ ಖಾತೆ ತೆರೆಯಲು ನಂಬರ್ ಬೇಕೇ ಬೇಕು.

ಮಾವಿಗೆ ಗಡಿ ಇದೆ, ಕರೆಗೆ ಇಲ್ಲ. 2025ರ ಜೂನ್‌ನಲ್ಲಿ ಆಂಧ್ರದ ಚಿತ್ತೂರು ಜಿಲ್ಲಾಡಳಿತ ಹೊರರಾಜ್ಯದ ತೋತಾಪುರಿ ಒಳಬರದಂತೆ ತಡೆದಾಗ ಶ್ರೀನಿವಾಸಪುರದ ಬೆಳೆಗಾರರ ಲಾರಿಗಳು ಕಷ್ಟಕ್ಕೆ ಸಿಕ್ಕಿದವು. ಧಾರಣೆ ಎಷ್ಟು, ಫ್ಯಾಕ್ಟರಿ ತೆಗೆದುಕೊಳ್ಳುತ್ತದಾ ಎಂಬ ವಿಚಾರಣೆ ಮಾತ್ರ ವಾಟ್ಸಾಪ್‌ನಲ್ಲಿ ಆರಾಮಾಗಿ ಗಡಿ ದಾಟುತ್ತಿತ್ತು. ಮಾಮೂಲಿ ಮೊಬೈಲ್ ಕರೆಗೆ ಕರ್ನಾಟಕ ಒಂದು ವಲಯ, ಆಂಧ್ರ–ತೆಲಂಗಾಣ ಸೇರಿ ಇನ್ನೊಂದು. ಗಡಿಯ ಊರುಗಳಲ್ಲಿ ಮನೆಯಲ್ಲೇ ಕೂತು ‘ರೋಮಿಂಗ್’ ಆದ ಕಾಲವನ್ನು ಹಿರಿಯರು ಮರೆತಿಲ್ಲ. ಇಂಟರ್‌ನೆಟ್ ಕರೆಗೆ ವಲಯವೂ ಇಲ್ಲ, ರಾಜ್ಯವೂ ಇಲ್ಲ.

ಹಿಂದೆ ನಂಬರ್ ನೋಡಿಯೇ ಊರು ಹೇಳಬಹುದಿತ್ತು. 9448 ಅಂದರೆ ಕರ್ನಾಟಕದ ಬಿಎಸ್‌ಎನ್‌ಎಲ್, 9440 ಅಂದರೆ ಆಂಧ್ರದ್ದು. 2011ರ ಜನವರಿಯಲ್ಲಿ ನಂಬರ್ ಉಳಿಸಿಕೊಂಡು ಕಂಪನಿ ಬದಲಿಸುವ ಅವಕಾಶ ದೇಶಕ್ಕೆಲ್ಲ ಬಂತು, 2015ರ ಜುಲೈನಲ್ಲಿ ವಲಯವನ್ನೂ ದಾಟುವ ಅವಕಾಶ ಬಂತು. ಅಲ್ಲಿಗೆ ಆ ವಿದ್ಯೆ ಮುಗಿಯಿತು.

ಟವರ್ ಸಿಗದ ಮನೆಯವರಿಗೆ ಒಂದು ಒಳ್ಳೆಯ ಸುದ್ದಿ, ಅದೂ ಯಾವ ಆ್ಯಪ್‌ಗೂ ನಂಬರ್ ಜೋಡಿಸದೆ. ಫೋನಿನಲ್ಲಿ ‘ವೈಫೈ ಕಾಲಿಂಗ್’ ಎಂಬ ಸೆಟ್ಟಿಂಗ್ ಇದೆಯೇ ನೋಡಿ. ಏರ್‌ಟೆಲ್ 2019ರ ಕೊನೆಯಲ್ಲಿ, ಜಿಯೊ 2020ರ ಆರಂಭದಲ್ಲಿ ಇದನ್ನು ಶುರು ಮಾಡಿದವು. ಮನೆಯಲ್ಲಿ ಫೈಬರ್ ನೆಟ್ ಇದ್ದರೆ ಸಾಕು, ನಿಮ್ಮ ಮಾಮೂಲಿ ಕರೆಯೇ ವೈಫೈ ಮೇಲೆ ಹೋಗುತ್ತದೆ. ಆಚೆಯವರ ಹತ್ತಿರ ಕೀಪ್ಯಾಡ್ ಫೋನ್ ಇದ್ದರೂ ನಡೆಯುತ್ತದೆ. ಬೇರೆ ಆ್ಯಪ್ ಬೇಡ, ಬೇರೆ ಖಾತೆ ಬೇಡ. ದಪ್ಪ ಗೋಡೆಯ ಹಳೇ ಮನೆಯವರು ಮಾಳಿಗೆ ಹತ್ತಿ ಮಾತಾಡುವುದನ್ನು ನಿಲ್ಲಿಸಬಹುದು.

ಅಂಗಡಿಯವರಿಗೆ ಇನ್ನೊಂದು ಗುಟ್ಟು: ವಾಟ್ಸಾಪ್ ಬಿಸಿನೆಸ್ ಆ್ಯಪ್‌ಗೆ ಸ್ಥಿರ ದೂರವಾಣಿ ನಂಬರ್ ಕೊಡಬಹುದು. ಎಸ್‌ಎಂಎಸ್ ಬರುವುದಿಲ್ಲವಲ್ಲ, ‘ಕರೆ ಮಾಡಿ’ ಅಂದರೆ ಅಂಗಡಿಯ ಫೋನ್ ರಿಂಗಾಗಿ ಕೋಡ್ ಹೇಳುತ್ತದೆ. ಎಸ್‌ಟಿಡಿ ಕೋಡ್ ಶ್ರೀನಿವಾಸಪುರ ತಾಲ್ಲೂಕಿನದು 08157, ಮುಳಬಾಗಿಲಿನದು 08159, ಮಾಲೂರಿನದು 08151. ಮೊದಲ ಸೊನ್ನೆ ಬಿಟ್ಟು ಮುಂದಿನದು ಹಾಕಬೇಕು. ಬೋರ್ಡಿನ ಮೇಲೆ ಹಳೇ ನಂಬರ್ ಬರೆಸಿರುವ ಗೊಬ್ಬರದಂಗಡಿಯವರು, ಮಂಡಿಯವರು ಸ್ವಂತ ಮೊಬೈಲ್ ನಂಬರನ್ನು ಮನೆಮಂದಿಗೆ ಮಾತ್ರ ಉಳಿಸಿಕೊಳ್ಳಲು ಇದು ದಾರಿ.

  

ಈಗ ದೊಡ್ಡ ವಿಷಯ. ನಂಬರ್ ಒಮ್ಮೆ ಜೋಡಿಸಿದರೆ ಸಾಕು, ಆಮೇಲೆ ಸಿಮ್ ಎಲ್ಲಿದ್ದರೂ ವಾಟ್ಸಾಪ್ ನಡೆಯುತ್ತದೆ ಎಂಬುದು ಇಷ್ಟು ದಿನದ ರೂಢಿ. ಹಳ್ಳಿಗಳಲ್ಲಿ ಇದು ಎಷ್ಟು ಸಾಮಾನ್ಯ ಅಂದರೆ, ಅಪ್ಪನ ಸಿಮ್ ಕೀಪ್ಯಾಡ್ ಫೋನಿನಲ್ಲಿರುತ್ತದೆ, ಅದೇ ನಂಬರಿನ ವಾಟ್ಸಾಪ್ ಮಗಳ ಸ್ಮಾರ್ಟ್‌ಫೋನಿನಲ್ಲಿರುತ್ತದೆ. ದೂರಸಂಪರ್ಕ ಇಲಾಖೆ 2025ರ ನವೆಂಬರ್ 28ರಂದು ಹೊರಡಿಸಿದ ನಿರ್ದೇಶನ ಈ ರೂಢಿಯ ಬುಡಕ್ಕೇ ಕೈ ಹಾಕಿತು. ವಾಟ್ಸಾಪ್, ಟೆಲಿಗ್ರಾಮ್, ಸಿಗ್ನಲ್, ಜೊಹೊದವರ ಅರಟ್ಟೈ, ಸ್ನ್ಯಾಪ್‌ಚಾಟ್, ಶೇರ್‌ಚಾಟ್, ಜಿಯೊಚಾಟ್, ಜೋಶ್ ಇವುಗಳಿಗೆ ಅದು ಹೇಳಿದ್ದು ಎರಡು ಮಾತು. ಖಾತೆ ತೆರೆದ ಸಿಮ್ ಅದೇ ಫೋನಿನಲ್ಲಿ ಸದಾ ಇದ್ದರೆ ಮಾತ್ರ ಆ್ಯಪ್ ನಡೆಯಬೇಕು, ಇದನ್ನು 90 ದಿನದಲ್ಲಿ ಜಾರಿಗೆ ತರಬೇಕು. ಕಂಪ್ಯೂಟರಿನಲ್ಲಿ ತೆರೆದ ವಾಟ್ಸಾಪ್ ವೆಬ್‌ನಂಥದ್ದು 6 ಗಂಟೆಗೊಮ್ಮೆ ತಾನಾಗಿ ಮುಚ್ಚಿ, ಮತ್ತೆ ಕ್ಯೂಆರ್ ತೋರಿಸಬೇಕು.

ಸರ್ಕಾರ ಕೊಟ್ಟ ಕಾರಣ ಸುಳ್ಳಲ್ಲ. ಇಲ್ಲಿನ ಸಿಮ್ ಕೊಂಡು, ನಂಬರ್ ಜೋಡಿಸಿಕೊಂಡು, ಸಿಮ್ ಬಿಸಾಕಿ, ಪರದೇಶದಲ್ಲಿ ಕೂತು ಇಲ್ಲಿಯವರಿಗೆ ವಂಚಿಸುವ ದಂಧೆ ಬೆಳೆದಿದೆ. ‘ಡಿಜಿಟಲ್ ಅರೆಸ್ಟ್’ ಎಂದು ಹೆದರಿಸುವವರು ಬಳಸುವುದು ಇಂಥ ಕರೆಗಳನ್ನೇ. ಈ ವಂಚನೆಗೆ ಬಳಕೆಯಾದ 83,668 ವಾಟ್ಸಾಪ್ ಖಾತೆ, 3,962 ಸ್ಕೈಪ್ ಖಾತೆಗಳನ್ನು ಮುಚ್ಚಿಸಿದ್ದಾಗಿ ಕೇಂದ್ರ ಗೃಹ ಇಲಾಖೆ ಸಂಸತ್ತಿಗೆ ಲೆಕ್ಕ ಕೊಟ್ಟಿದೆ. ಆದರೂ ಕಳ್ಳನಿಗೆ ಹಾಕಿದ ಬೇಲಿಗೆ ಮೊದಲು ತೊಡರುವುದು ಆ ಅಪ್ಪ–ಮಗಳೇ ಎಂಬುದೂ ಸುಳ್ಳಲ್ಲ. ಒಂದು ಮನೆಗೆ ಒಂದೇ ಸ್ಮಾರ್ಟ್‌ಫೋನ್ ಇರುವ ಊರುಗಳನ್ನು ಕಣ್ಣಾರೆ ನೋಡಿದವರು ಬರೆದ ನಿರ್ದೇಶನ ಇದಲ್ಲ ಎಂದು ನನ್ನ ಗುಮಾನಿ.

ಆ ಸಿಮ್ ಯಾರ ಹೆಸರಲ್ಲಿದೆ? ಇದನ್ನು ಮನೆಮಂದಿಯನ್ನೆಲ್ಲ ಕೂರಿಸಿ ಕೇಳಿ, ತಮಾಷೆ ನೋಡಿ. ಅಮ್ಮನ ಸಿಮ್ ಮಗನ ಹೆಸರಲ್ಲಿ, ಮಗನದು ಮಾವನ ಹೆಸರಲ್ಲಿ, ಅಜ್ಜಿಯದು ತೀರಿಹೋದ ಅಜ್ಜನ ಹೆಸರಲ್ಲಿ. ಸಿಮ್ ಕೆಟ್ಟರೆ, ಕಳೆದರೆ ಬದಲಿ ಸಿಮ್ ಸಿಗುವುದು ಹೆಸರಿದ್ದವರಿಗೆ ಮಾತ್ರ. ಅಜ್ಜನನ್ನು ಎಲ್ಲಿಂದ ಕರೆತರುವುದು? ಒಬ್ಬರ ಹೆಸರಲ್ಲಿ ಗರಿಷ್ಠ 9 ಸಿಮ್ ಇರಬಹುದು. ಮಿತಿ ಮೀರಿದರೆ 2023ರ ದೂರಸಂಪರ್ಕ ಕಾಯ್ದೆಯಲ್ಲಿ ಮೊದಲ ಸಲ 50,000 ರೂಪಾಯಿವರೆಗೆ, ಮತ್ತೆ ಆದರೆ 2 ಲಕ್ಷದವರೆಗೆ ದಂಡ. ನಿಮ್ಮ ಹೆಸರಲ್ಲಿ ಎಷ್ಟಿವೆ ಎಂಬುದನ್ನು 2023ರ ಮೇ ತಿಂಗಳಲ್ಲಿ ಶುರುವಾದ ಸಂಚಾರ್ ಸಾಥಿ ತಾಣದಲ್ಲಿ ನೋಡಬಹುದು. ‘ಬೆರಳಚ್ಚು ಸರಿಯಾಗಿ ಬೀಳಲಿಲ್ಲ, ಇನ್ನೊಂದ್ಸಲ ಇಡಿ’ ಎಂದು ಎರಡೆರಡು ಸಲ ಬೆರಳು ಇಡಿಸಿಕೊಂಡು ನಿಮಗೇ ಗೊತ್ತಿಲ್ಲದ ಸಿಮ್ ತೆಗೆಯುವವರೂ ಇದ್ದಾರೆ. ಅದರಲ್ಲಿ ತೆರೆದ ವಾಟ್ಸಾಪ್ ಏನು ಮಾಡಿದರೂ ಪೊಲೀಸರು ಮೊದಲು ಬರುವುದು ನಿಮ್ಮ ಮನೆಗೆ.

ಇದಕ್ಕೇ ಹೊಂದಿಕೊಂಡ ಇನ್ನೊಂದು. ಕರೆ ಬಂದಾಗ ಸಿಮ್ ಯಾರ ಹೆಸರಲ್ಲಿದೆಯೋ ಆ ಹೆಸರನ್ನು ಕಂಪನಿಯೇ ತೋರಿಸುವ ವ್ಯವಸ್ಥೆಯನ್ನು ಟ್ರಾಯ್ 2024ರ ಫೆಬ್ರವರಿಯಲ್ಲಿ ಶಿಫಾರಸು ಮಾಡಿತು. ಟ್ರೂಕಾಲರ್ ಆ್ಯಪ್‌ನಲ್ಲಿ ಇದುವರೆಗೆ ಕಾಣುತ್ತಿದ್ದದ್ದು ಬೇರೆಯವರು ನಿಮ್ಮನ್ನು ಹೇಗೆ ಗುರುತಿಸುತ್ತಾರೋ ಆ ಹೆಸರು. ‘ಬೋರ್‌ವೆಲ್ ಮಂಜಣ್ಣ’, ‘ಸಾಲ ಕೊಡಬೇಕಾದವ್ನು’ ಎಂದೆಲ್ಲ. ಹೊಸ ವ್ಯವಸ್ಥೆಯಲ್ಲಿ ಅಜ್ಜಿ ಫೋನ್ ಮಾಡಿದರೆ ಅಜ್ಜನ ಹೆಸರು ಬರಬಹುದು. ಎತ್ತುವವರ ಎದೆ ಗಟ್ಟಿಯಿರಲಿ.

ಸಿಮ್ ಕಳೆದು ಬದಲಿ ಸಿಮ್ ತೆಗೆದರೆ ಮೊದಲ 24 ಗಂಟೆ ಎಸ್‌ಎಂಎಸ್ ಬರುವುದೂ ಇಲ್ಲ, ಹೋಗುವುದೂ ಇಲ್ಲ. ನೆಟ್‌ವರ್ಕ್ ದೋಷ ಅಲ್ಲ. ಕಳ್ಳ ಬದಲಿ ಸಿಮ್ ತೆಗೆದಿದ್ದರೆ ಓಟಿಪಿ ಅವನಿಗೆ ಸಿಗದಿರಲಿ ಎಂದು 2022ರಿಂದ ಇರುವ ನಿಯಮ. 2024ರ ಜುಲೈ 1ರಿಂದ, ಬದಲಿ ಸಿಮ್ ತೆಗೆದ 7 ದಿನದೊಳಗೆ ಕಂಪನಿ ಬದಲಿಸುವಂತೆಯೂ ಇಲ್ಲ.

ಗಡಿಯಾಚೆ ಮದನಪಲ್ಲಿ, ರಾಯಚೋಟಿ ಕಡೆಯಿಂದ ಕುವೈತ್‌ಗೆ ದುಡಿಯಲು ಹೋದವರು ಬಹಳ. ಈ ಕಡೆಯವರಿಗೂ ಅಲ್ಲಿ ನೆಂಟರು ಇದ್ದಾರೆ. ಕೊಲ್ಲಿ ಎಂದರೆ ಎಲ್ಲ ಒಂದೇ ಅಲ್ಲ. ಸಂಯುಕ್ತ ಅರಬ್ ಸಂಸ್ಥಾನಗಳಲ್ಲಿ, ಅಂದರೆ ದುಬೈ ಕಡೆ, ವಾಟ್ಸಾಪ್ ಮೆಸೇಜ್ ಹೋಗುತ್ತದೆ, ಕರೆಗೆ ತಡೆ. ಅಲ್ಲಿಯವರು ಬೋಟಿಮ್‌ನಂಥ ಅನುಮತಿ ಪಡೆದ ಆ್ಯಪ್ ಹಾಕಿಕೊಳ್ಳಿ ಎನ್ನುವುದು ಅದಕ್ಕೇ. ಮಗ ‘ವಾಟ್ಸಾಪ್‌ನಲ್ಲಿ ಕಾಲ್ ಮಾಡಲ್ಲಮ್ಮಾ’ ಎಂದರೆ ತಾಯಿ ಮುನಿಸಿಕೊಳ್ಳಬೇಕಿಲ್ಲ.

ಹೊರಡುವಾಗ ಊರಿನ ಸಿಮ್ ಬಿಟ್ಟು ಹೋಗುವವರ ಪಾಡು ಮೇಲೆ ಹೇಳಿದ್ದೇ: ಕರೆನ್ಸಿ ಇಲ್ಲ, 90 ದಿನ, ನಂಬರ್ ಮಾಯ. ಬ್ಯಾಂಕಿನ ಓಟಿಪಿ ಅದಕ್ಕೇ ಬರಬೇಕಲ್ಲ ಎಂಬ ಚಿಂತೆ ಬೇರೆ. ಅನಿವಾಸಿ ಖಾತೆ ಇರುವವರು ಅಲ್ಲಿಯ ನಂಬರನ್ನೇ ಯುಪಿಐಗೆ ಜೋಡಿಸಬಹುದು ಎಂದು 2023ರ ಜನವರಿಯಲ್ಲಿ 10 ದೇಶಗಳಿಗೆ ಅನುಮತಿ ಬಂತು. ಸಿಂಗಪುರ, ಅಮೆರಿಕ, ಬ್ರಿಟನ್, ಸೌದಿ, ಕತಾರ್, ಒಮಾನ್, ಅರಬ್ ಸಂಸ್ಥಾನಗಳು ಇದ್ದವು. ಆ ಹತ್ತರಲ್ಲಿ ಕುವೈತ್ ಇರಲಿಲ್ಲ. ಹಾಗಾಗಿ ಅಲ್ಲಿಗೆ ಹೋಗುವವರು ಊರಿನ ಸಿಮ್ಮನ್ನು ಜತೆಗೇ ಒಯ್ಯಿರಿ, ಎರಡನೇ ಸ್ಲಾಟಿನಲ್ಲಿ ಇಡಿ, ತಮ್ಮನಿಗೆ ಹೇಳಿ ಕರೆನ್ಸಿ ಹಾಕಿಸುತ್ತಿರಿ.

ಅಮೆರಿಕದ ಕನ್ನಡಿಗರಲ್ಲಿ ಗೂಗಲ್ ವಾಯ್ಸ್ ಬಳಸುವವರಿದ್ದಾರೆ. 2009ರಿಂದ ಇದೆ. ಖಾಸಗಿ ಬಳಕೆಗೆ ಅದು ಅಮೆರಿಕದಲ್ಲಿ ಮಾತ್ರ. ಅಲ್ಲಿಯ ಸ್ವಂತ ಫೋನ್ ನಂಬರ್ ಒಂದನ್ನು ಜೋಡಿಸಿದರೆ ಇನ್ನೊಂದು ನಂಬರ್ ಕೊಡುತ್ತಾರೆ. ಅಲ್ಲಿನ ಕಳ್ಳರ ಚಾಳಿ ಇದು: ಹಳೇ ಸೋಫಾ ಮಾರುತ್ತೇನೆಂದು ನೀವು ಜಾಹೀರಾತು ಹಾಕಿದರೆ, ‘ನೀವು ನಿಜವಾದ ಮನುಷ್ಯರೇ ನೋಡೋಣ, ಒಂದು ಕೋಡ್ ಕಳಿಸಿದ್ದೇನೆ, ಹೇಳಿ’ ಎನ್ನುತ್ತಾರೆ. ಹೇಳಿದರೆ ನಿಮ್ಮ ನಂಬರಿನ ಮೇಲೆ ಅವರ ಗೂಗಲ್ ವಾಯ್ಸ್ ಖಾತೆ ಎದ್ದು ನಿಲ್ಲುತ್ತದೆ.

+91 ಎಂದು ಕಂಡ ಮಾತ್ರಕ್ಕೆ ಕರೆ ಭಾರತದ್ದೇ ಎಂದುಕೊಳ್ಳಬೇಡಿ. ಹೊರದೇಶದಿಂದ ಬಂದರೂ ನಮ್ಮ ನಂಬರಿನ ವೇಷ ತೊಟ್ಟ ಕರೆಗಳನ್ನು ತಡೆಯುವ ವ್ಯವಸ್ಥೆ 2024ರ ಅಕ್ಟೋಬರ್ 22ರಂದು ಶುರುವಾಯಿತು. ಮೊದಲ 24 ಗಂಟೆಯಲ್ಲಿ ತಡೆದದ್ದು 1 ಕೋಟಿ 35 ಲಕ್ಷ ಕರೆ!

ವಾಟ್ಸಾಪ್‌ನಲ್ಲಿ ಇಬ್ಬರೇ ಮಾತಾಡುವಾಗ ಸಾಮಾನ್ಯವಾಗಿ ಫೋನುಗಳು ನೇರ ಸಂಪರ್ಕಕ್ಕೆ ಬರುತ್ತವೆ, ಹಾಗಾಗಿ ತಾಂತ್ರಿಕ ಜ್ಞಾನವಿರುವ ಎದುರಿನವನು ನಿಮ್ಮ ಐಪಿ ವಿಳಾಸ ಕಂಡುಕೊಳ್ಳಬಹುದು. ಅದನ್ನು ಮರೆಮಾಡುವ ಸೆಟ್ಟಿಂಗ್ ಪ್ರೈವೆಸಿಯ ಒಳಗೆ, ಅಡ್ವಾನ್ಸ್ಡ್ ಎಂಬಲ್ಲಿ ಇದೆ. ಮಾತು ಮಾತ್ರ 2016ರಿಂದ ಎರಡೂ ತುದಿಯಲ್ಲಿ ಬೀಗ ಹಾಕಿದ್ದು, ನಡುವೆ ಕದ್ದು ಕೇಳಲಾಗದು.

ಸರಿ, ಜೋಡಿಸಬೇಕೋ ಬೇಡವೋ? ಜೋಡಿಸಿ. ಇಲ್ಲದಿದ್ದರೆ ಇಂದು ಮಂಡಿಯ ಧಾರಣೆಯೂ ಸಿಗದು, ಮಗುವಿನ ಹೋಂವರ್ಕೂ ಸಿಗದು. ‘ಬ್ಯಾಂಕಿಗೊಂದು ಸಿಮ್, ವಾಟ್ಸಾಪ್‌ಗೊಂದು ಸಿಮ್ ಇಟ್ಟುಕೊಳ್ಳಿ’ ಎಂದು ಪಟ್ಟಣದ ಬುದ್ಧಿವಂತರು ಹೇಳುತ್ತಾರೆ. ನಂಬರನ್ನು ನೂರಾರು ಜನಕ್ಕೆ ಹಂಚಬೇಕಾದ ವ್ಯಾಪಾರಿಗಳಿಗೆ, ಹತ್ತಾರು ಗುಂಪಿನಲ್ಲಿರುವ ಹೆಣ್ಣುಮಕ್ಕಳಿಗೆ ಈ ಮಾತು ಸರಿ. ಉಳಿದವರಿಗೆ ನಾನು ಹೇಳುವುದಿಲ್ಲ. ಎರಡನೇ ಸಿಮ್ಮಿಗೆ ಕರೆನ್ಸಿ ಹಾಕಿಸಲು ಮರೆತು, ಅದು ಕಡಿದು, ಅದರ ಮೇಲಿನ ವಾಟ್ಸಾಪ್ ಅನಾಥವಾಗುವ ಅಪಾಯವೇ ಹೆಚ್ಚು. ನಿಮ್ಮದೇ ಹೆಸರಿನ, ನಿಮ್ಮದೇ ಕೈಯಲ್ಲಿರುವ, ಕರೆನ್ಸಿ ತಪ್ಪದ ಒಂದೇ ಸಿಮ್, ಮೇಲೊಂದು ಪಿನ್: ಇದು ಎರಡು ಸಿಮ್ಮಿಗಿಂತ ಭದ್ರ. ಪಕ್ಕದ ಮನೆಯವರ, ಸಿಮ್ ಅಂಗಡಿ ಹುಡುಗನ, ತೀರಿಹೋದವರ ಸಿಮ್ಮಿಗೆ ಯಾವ ಆ್ಯಪ್ಪನ್ನೂ ಜೋಡಿಸಬೇಡಿ. ಅಜ್ಜನ ಹೆಸರಿನ ಸಿಮ್ಮನ್ನು ಈ ವಾರವೇ ಅಜ್ಜಿಯ ಹೆಸರಿಗೆ ಮಾಡಿಸಿ.

ಕೊನೆಯದು. ವಾಟ್ಸಾಪ್‌ನಿಂದ 112ಕ್ಕೆ ಕರೆ ಹೋಗುವುದಿಲ್ಲ, ಆಂಬುಲೆನ್ಸ್‌ನ 108ಕ್ಕೂ ಹೋಗುವುದಿಲ್ಲ. ಮಾಮೂಲಿ ಕರೆಯಲ್ಲೇ ಮಾಡಬೇಕು. ಗಡಿಯ ಊರಿನವರು ಮಾಡುವಾಗ ಮೊದಲು ರಾಜ್ಯ, ತಾಲ್ಲೂಕು, ಊರು ಹೇಳಿ, ಏಕೆಂದರೆ ಫೋನ್ ಹಿಡಿದ ಟವರ್ ಆಂಧ್ರದ್ದಾಗಿದ್ದರೆ ಕರೆ ಆ ಕಡೆಯ ಕೇಂದ್ರಕ್ಕೆ ಹೋಗುವ ಸಾಧ್ಯತೆ ಇದೆ. ದುಡ್ಡು ಕಳೆದುಕೊಂಡರೆ ಡಯಲ್ ಮಾಡಬೇಕಾದ ಸೈಬರ್ ವಂಚನೆ ಸಹಾಯವಾಣಿ 1930. ಅದೂ ಮಾಮೂಲಿ ಕರೆಯೇ, ಎಷ್ಟು ಬೇಗ ಮಾಡಿದರೆ ಕಳ್ಳನ ಖಾತೆಯಲ್ಲಿ ದುಡ್ಡು ತಡೆಹಿಡಿಯುವುದು ಅಷ್ಟು ಸುಲಭ.